ಹಗ್ಗದಾಟದ ಉಸಿರು

ನಮ್ಮ ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಕುಣಿತ, ಕುಣಿತ ನಿಂತ ಮೇಲೆ ಅರ್ಥ. ಎರಡನ್ನೂ ಒಂದೇ ಉಸಿರಿಗೆ ಕಟ್ಟಿದರೆ? ಅದರಲ್ಲೂ ಆ ಮಾತು, ಯಾರೋ ನಿಜವಾಗಿ ಬದುಕಿರುವವರು ಆಡಿದ್ದಾದರೆ? 1986ರಲ್ಲಿ ಲಂಡನ್ನಿನ ಡಿವಿ8 ತಂಡವನ್ನು ಕಟ್ಟಿದ ಲಾಯ್ಡ್ ನ್ಯೂಸನ್ ಈ ಪ್ರಶ್ನೆಗೆ ನೇರವಾಗಿ ಕೈಹಾಕಿದ್ದು 2007ರ 'ಟು ಬಿ ಸ್ಟ್ರೇಟ್ ವಿತ್ ಯೂ' ಪ್ರಯೋಗದಲ್ಲಿ. ಸಲಿಂಗಪ್ರೇಮ, ಧರ್ಮ, ಅಸಹನೆಗಳ ಕುರಿತು ಬ್ರಿಟನ್ನಿನಲ್ಲಿ ನಡೆಸಿದ 85 ಸಂದರ್ಶನಗಳೇ ಅದಕ್ಕೆ ಆಧಾರ.

ಅಲ್ಲೊಬ್ಬ ಹುಡುಗ, ತಾನು ಸಲಿಂಗಿಯೆಂದು ಮನೆಯಲ್ಲಿ ಹೇಳಿ ಚೂರಿಯೇಟು ತಿಂದದ್ದನ್ನು ಸ್ಕಿಪ್ಪಿಂಗ್ ಹಗ್ಗ ಹಾರುತ್ತಲೇ ಹೇಳುತ್ತಾನೆ. ಚೂರಿ ಎಂದಾಗ ನಟನ ಕೈ ಚೂರಿಯಾಗುವುದಿಲ್ಲ. ಹಗ್ಗ ಅವನ ಉಸಿರನ್ನು ಕಿತ್ತುಕೊಳ್ಳುತ್ತದೆ, ಅಷ್ಟೆ. ಕಾಲು ತಪ್ಪಬಾರದು, ಮಾತು ನಿಲ್ಲಬಾರದು; ಗದ್ಗದಿಸುವುದಕ್ಕೆ ಅವನಿಗೆ ಪುರಸೊತ್ತೇ ಇಲ್ಲ. ಹೀಗಾಗಿ ಇನ್ನೊಬ್ಬರ ನೋವನ್ನು ತನ್ನದೆಂಬಂತೆ ಮೆರೆಸುವ ಆಸೆಗೆ ಅಲ್ಲಿ ಜಾಗವಿಲ್ಲ. ಮಾತನ್ನು ಎರವಲು ತಂದವರು ತೋರಬೇಕಾದ ಮರ್ಯಾದೆ ಇದೇ ಎಂದು ನನಗನ್ನಿಸುತ್ತದೆ.

ಎಲ್ಲ ಕಡೆ ಹೀಗಾಗಲಿಲ್ಲ. 2011ರ 'ಕ್ಯಾನ್ ವಿ ಟಾಕ್ ಅಬೌಟ್ ದಿಸ್?'ನಲ್ಲಿ, ಬಲವಂತದ ಮದುವೆಗಳನ್ನು ಕುರಿತು ಸಂಸದೆ ಆನ್ ಕ್ರಾಯರ್ ಆಡಿದ ಮಾತನ್ನು ನಟಿ ಇನ್ನೊಬ್ಬನ ಮೈಮೇಲೆ ಕೂತು, ಚಹಾ ಕುಡಿಯುತ್ತ ಒಪ್ಪಿಸುತ್ತಾಳೆ. ಜಾಣತನವೇನೋ ಸರಿ. ಆದರೆ ಕಪ್ಪು ಎಲ್ಲಿ ತುಳುಕೀತೋ ಎಂದು ಕಣ್ಣು ಅಲ್ಲೇ ನೆಟ್ಟು, ಕಿವಿ ಹಿಂದುಳಿಯುತ್ತದೆ. ಮಾತೋ, ಪೂರ್ತಿ ಕೇಳಬೇಕಾದದ್ದು.

2014ರ 'ಜಾನ್'ನಲ್ಲಿ ತೊಂದರೆ ತಿರುವುಮುರುವಾಗಿದೆ. ಐವತ್ತಕ್ಕೂ ಹೆಚ್ಚು ಗಂಡಸರನ್ನು ಮಾತಾಡಿಸಿ, ಅವರಲ್ಲೊಬ್ಬನ ಬದುಕನ್ನು ನಡುವೆ ಇಟ್ಟ ಪ್ರಯೋಗ ಅದು. ತಿರುಗುವ ಕೋಣೆಗಳಲ್ಲಿ ಅವನ ಮನೆಯ ಕತೆ ಬಿಚ್ಚಿಕೊಳ್ಳುವ ತನಕ ಮೈಗೂ ಮಾತಿಗೂ ಜಗ್ಗಾಟವಿದೆ. ಮುಂದೆ ಗಂಡಸರ ಸ್ನಾನಗೃಹಕ್ಕೆ ಬಂದಾಗ ಮಾತು ಬರೀ ಮಾಹಿತಿಯಾಗುತ್ತದೆ, ನಟರು ಬಾಗಿಲಿಂದ ಬಾಗಿಲಿಗೆ ನಡೆಯುತ್ತಾರೆ.