ಸೀಸ ಬಿಡಿ, ತಾಮ್ರ ಸುತ್ತಿ

ನಮ್ಮ ಬೆಳವಣಕಿಯ ಬಿಸಿಲಿಗೆ ಟ್ರೌಟ್ ಮೀನು ಬಾಳುವುದಿಲ್ಲ. ಅದಕ್ಕೆ ತಣ್ಣನೆಯ, ಬೇಸಿಗೆಯಲ್ಲೂ ಬಿಸಿಯೇರದ ಹರಿವ ನೀರು ಬೇಕು. ದಕ್ಷಿಣದಲ್ಲಿ ಅಂಥ ನೀರು ಸಿಕ್ಕಿದ್ದು ನೀಲಗಿರಿಯಲ್ಲಿ, ಎಚ್.ಸಿ. ವಿಲ್ಸನ್ ಎಂಬುವರು 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಶುರು ಮಾಡಿದ ಮೇಲೆ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ಆದರೂ ಆ ಮೀನಿಗಾಗಿ ಹುಟ್ಟಿದ ಕಸುಬೊಂದನ್ನು ಮಲಪ್ರಭೆ ದಂಡೆಯ ನಮ್ಮ ಗಾಳದವರು ಕಲಿಯಬೇಕು ಎನ್ನುತ್ತೇನೆ. ತಳ ಮುಟ್ಟುವ ನಿಂಫ್ ಕಟ್ಟುವ ಕಸುಬು ಅದು.

ನೀರಿನ ಹುಳಗಳು ರೆಕ್ಕೆ ಮೂಡುವ ಮೊದಲು ಬಹುಕಾಲ ಕಲ್ಲಿನಡಿ, ಕೆಸರಿನಲ್ಲಿ ಬದುಕುತ್ತವೆ. ಆ ಮರಿಹುಳವೇ ನಿಂಫ್; ಅದರಂತೆ ಕೊಕ್ಕೆಗೆ ಕಟ್ಟುವ ಕೃತಕ ಹುಳಕ್ಕೂ ಅದೇ ಹೆಸರು. ಮೀನು ಬಹುಪಾಲು ಮೇವನ್ನು ಅಲ್ಲೇ ಹುಡುಕುತ್ತದೆ. ಹೀಗಾಗಿ ಮೇಲೆ ತೇಲುವ ಕೃತಕ ಹುಳ ಎಷ್ಟು ಚೆಂದವಿದ್ದರೂ ಎಷ್ಟೋ ಹೊತ್ತು ಮೀನಿನ ಕಣ್ಣಿಗೇ ಬೀಳುವುದಿಲ್ಲ.

ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಇಂದಿಗೂ ಬೆರಗು. ಅವರು ಕಟ್ಟುವ ದಾರವನ್ನೇ ಕೈಬಿಟ್ಟರು. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಕೊಕ್ಕೆಗೆ ಸುತ್ತಿ, ಎದೆಯ ಭಾಗದಲ್ಲಿ ಒಂದಿಷ್ಟು ಉಬ್ಬು ಮಾಡಿ, ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳನ್ನು ಅದೇ ತಂತಿಯೊಡನೆ ಹೊಸೆದು ಮೈ ಮಾಡಿದರು. ಎಳೆಗಳ ತುದಿಯೇ ಬಾಲ. ಕಾಲುಗಳನ್ನು ಕಟ್ಟಲೇ ಇಲ್ಲ, ಏಕೆಂದರೆ ಈಜುವ ಮರಿಹುಳ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ಕಾಲಿಲ್ಲದ, ತೆಳ್ಳಗಿನ, ತೂಕದ ಮೈ ನೀರನ್ನು ಸೀಳಿಕೊಂಡು ಇಳಿಯುತ್ತದೆ. ದಪ್ಪ ಜೂಲಿನ ಕೃತಕ ಹುಳಕ್ಕೆ ಎಷ್ಟು ಭಾರ ಹೇರಿದರೂ ಆ ವೇಗ ಬಾರದು.

ಇದಕ್ಕೆ ಬೇಕಾದುದೆಲ್ಲ ನಮ್ಮಲ್ಲೇ ಇದೆ. ರೋಣದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರನ್ನು ಕೇಳಿದರೆ ತುಂಡು ತಂತಿ ಸಿಗುತ್ತದೆ. ಇದ್ದುದರಲ್ಲಿ ಅತಿ ಸಣ್ಣದನ್ನು ಆರಿಸಿ. ಫೆಸೆಂಟ್ ಬದಲು ಜವಾರಿ ಹುಂಜದ ಕಂದು ಗರಿ, ಇಲ್ಲವೇ ತಾನಾಗಿ ಉದುರಿದ ನವಿಲುಗರಿಯ ಎಳೆ. ನವಿಲುಗರಿಯ ಎಳೆ ಬೇಗ ಹರಿಯುತ್ತದೆ, ತಂತಿಯೊಡನೆ ಹೊಸೆದೇ ಸುತ್ತಬೇಕು.

ಎಸೆಯುವಾಗ ಮೀನಿರುವ ಜಾಗಕ್ಕಿಂತ ಮೇಲಕ್ಕೆ, ಹರಿವಿಗೆ ಎದುರಾಗಿ ಎಸೆಯಿರಿ. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ. ನೀರ ಮೇಲೆ ಬಿದ್ದ ದಾರ ನಿಂಫನ್ನು ಎಳೆದುಕೊಂಡೇ ಹೋಗುತ್ತದೆ. ಆದ್ದರಿಂದ ದಾರ ಗಿಡ್ಡವಿರಲಿ, ತೆಳ್ಳಗಿರಲಿ. ಹುಳ ಮೀನಿನ ಹತ್ತಿರ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿದರೆ ಅದು ರೆಕ್ಕೆ ಬಿಚ್ಚಲು ಮೇಲೇಳುವ ಮರಿಹುಳದಂತೆ ಏರುತ್ತದೆ. ಮೀನು ಹಿಡಿಯುವುದು ಆಗಲೇ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಎರೆಮಣ್ಣು ಹೊತ್ತು ಬರುವಾಗ ಇದೆಲ್ಲ ವ್ಯರ್ಥ. ನೀರು ತಿಳಿಯಾಗುವವರೆಗೆ ಕಾಯಿರಿ.

ತೂಕಕ್ಕೆ ಸೀಸ ಸಲೀಸು, ನಿಜ. ಗಾತ್ರ ಒಂದೇ ಇದ್ದಾಗ ತಾಮ್ರ ನೀರಿನ ಸುಮಾರು 9 ಪಟ್ಟು ಭಾರವಾದರೆ ಸೀಸ 11 ಪಟ್ಟು. ಆದರೆ ಬಾತುಗಳು ಕಾಳು ಅರೆಯಲೆಂದು ತಳದ ಹರಳುಗಳನ್ನು ನುಂಗುತ್ತವೆ. ಅದರೊಡನೆ ಹೊಟ್ಟೆ ಸೇರಿದ ಸೀಸದ ಗುಂಡು ಕರಗಿ, ವಿಷವಾಗಿ ಅವುಗಳನ್ನು ಕೊಲ್ಲುತ್ತದೆ. ಹಂಸಗಳು ಹೀಗೆ ಸಾಯುತ್ತಿದ್ದುದರಿಂದಲೇ ಬ್ರಿಟನ್ 1987ರಲ್ಲಿ ಗಾಳದ ಸೀಸದ ಗುಂಡುಗಳ ಬಹುಪಾಲನ್ನು ನಿಷೇಧಿಸಿತು. ನಮ್ಮದು ಮಾಗಡಿ ಕೆರೆಯ ಜಿಲ್ಲೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದೆ. ಇನ್ನೂ ಭಾರ ಬೇಕೆನ್ನುವವರು 19 ಪಟ್ಟು ತೂಗುವ ಟಂಗ್‌ಸ್ಟನ್ ಮಣಿ ತರಿಸಿಕೊಳ್ಳಲಿ. ನಿಮ್ಮ ಗಾಳದ ಡಬ್ಬಿಯಲ್ಲಿರುವ ಸೀಸವನ್ನು ಈ ವಾರವೇ ತೆಗೆದು ಗುಜರಿಗೆ ಕೊಟ್ಟುಬಿಡಿ.