ಪದದ ಮುಂದೆ ಕೂತ ತುಣುಕು

ನಾಸಿಕದ ಸಾತಪುರ ಎಂಐಡಿಸಿಯಂಥ ಕೈಗಾರಿಕಾ ಪ್ರದೇಶದಲ್ಲಿ ಮನೆಮಾತು ಮರಾಠಿಯಿರಲಿ, ಹಿಂದಿಯಿರಲಿ, ಕನ್ನಡವಿರಲಿ, ಕೆಲಸದ ಮಾತು ಒಂದೇ: ರೀವರ್ಕ್, ಪ್ರೀಹೀಟ್, ಅನ್‌ಲೋಡ್, ಸಬ್‌ಅಸೆಂಬ್ಲಿ, ಓವರ್‌ಟೈಮ್. ಪದ ಹಳೆಯದೇ, ಮುಂದೆ ಕೂತ ತುಣುಕು ಬದಲಾದರೆ ಮಾಡಬೇಕಾದ ಕೆಲಸವೇ ಬೇರೆ.

ಕನ್ನಡಿಗರಿಗೆ ಈ ಕಸುಬು ಹೆಚ್ಚು ಸೊಗಸೆನಿಸಬೇಕು. ನಮ್ಮದು ಪದದ ಬಾಲಕ್ಕೆ ಸೇರಿಸುವ ನುಡಿ: ಮನೆ, ಮನೆಯಲ್ಲಿ, ಮನೆಯಲ್ಲಿದ್ದವರಿಗೂ. ತಲೆಗೆ ಸೇರಿಸುವ ವಿದ್ಯೆ ಬಹುತೇಕ ಸಂಸ್ಕೃತದ ಉಪಸರ್ಗಗಳಿಂದ ಬಂದದ್ದು. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ನೋಡಿ. ಇಂಗ್ಲಿಷ್‌ನದೂ ಸಾಕಷ್ಟು ಸಾಲದ ಸರಕೇ. ರೀ, ಪ್ರೀ, ಸಬ್ ಲ್ಯಾಟಿನ್‌ನವು. ಆಂಟಿ, ಹೈಪರ್ ಗ್ರೀಕಿನವು. ಅನ್, ಓವರ್ ಮನೆಯವು.

ನನಗೆ ಅಚ್ಚುಮೆಚ್ಚು ‘ಅನ್’. ಅನ್‌ಫಿಟ್ ಎಂದರೆ ಯೋಗ್ಯವಲ್ಲ. ಅನ್‌ಲಾಕ್ ಎಂದರೆ ಹಾಕಿದ ಬೀಗ ತೆಗೆಯುವುದು. ಒಂದು ಅಲ್ಲಗಳೆಯುತ್ತದೆ, ಇನ್ನೊಂದು ಬಿಚ್ಚುತ್ತದೆ. ಹಾಗಾಗಿ ಅನ್‌ಲಾಕಬಲ್‌ಗೆ ‘ಬೀಗ ಹಾಕಲಾಗದ’, ‘ಬೀಗ ತೆಗೆಯಬಹುದಾದ’ ಎಂಬ ಎರಡು ಅರ್ಥ. ಯಾವುದೆಂದು ಸಂದರ್ಭವೇ ಹೇಳಬೇಕು!

‘ಇನ್’ ಮಾತ್ರ ಕಪಟಿ. ಇನ್‌ಕರೆಕ್ಟ್‌ನಲ್ಲಿ ಅದು ‘ಅಲ್ಲ’. ಟ್ಯಾಂಕರಿನ ಹಿಂಬದಿಯ ಇನ್‌ಫ್ಲೇಮಬಲ್‌ನಲ್ಲಿರುವುದು ‘ಒಳಗೆ’ ಎಂಬ ಬೇರೆಯೇ ಲ್ಯಾಟಿನ್ ಇನ್. ಅರ್ಥ, ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಜನ ‘ಹೊತ್ತಿಕೊಳ್ಳದ್ದು’ ಎಂದು ಓದಿಕೊಂಡಾರೆಂಬ ಭಯದಿಂದ ಅಮೆರಿಕದ ಅಗ್ನಿಸುರಕ್ಷತಾ ತಜ್ಞರು ಕಳೆದ ಶತಮಾನದಲ್ಲಿ ಫ್ಲೇಮಬಲ್ ಎಂದೇ ಬರೆಯಲು ಒತ್ತಾಯಿಸಿದರು. ನಮ್ಮ ಗೋದಾಮುಗಳ ಫಲಕಗಳಿಗೂ ಅದೇ ಸಾಕು. ಅದರ ಕೆಳಗೆ, ಅಲ್ಲಿ ದುಡಿಯುವವರ ಭಾಷೆಯಲ್ಲಿ ‘ಬೇಗ ಬೆಂಕಿ ಹತ್ತುತ್ತದೆ’ ಎಂದೂ ಬರೆಯಿಸಿ.