ಮರವೆಯ ಸಂಗೀತವೂ ಶ್ರೋತೃಗಳ ಮತಭೇದವೂ

ಒಂದೇ ಕೃತಿಯನ್ನು ಕೇಳಿ ಒಬ್ಬನು ಕಣ್ಣೀರಿಡುವುದೂ ಮತ್ತೊಬ್ಬನು ಆಕಳಿಸುವುದೂ ಲೋಕದಲ್ಲಿ ಅಪೂರ್ವವಲ್ಲ. ಜನರ ರುಚಿ ನಾನಾ ವಿಧವೆಂದು ಹೇಳಿ ವಿಚಾರವನ್ನು ಅಲ್ಲಿಗೇ ನಿಲ್ಲಿಸುವುದು ಸುಲಭ. ಆದರೆ ಮತಭೇದವು ಕೃತಿಯ ಸ್ವರೂಪದಿಂದಲೇ ಹುಟ್ಟಿದುದಾದರೆ ಅದರ ಮೂಲವನ್ನು ಶೋಧಿಸುವುದು ವಿಮರ್ಶೆಯ ಕರ್ತವ್ಯವಾಗುತ್ತದೆ. ಇಂಗ್ಲೆಂಡಿನ ಲೇಲೆಂಡ್ ಕರ್ಬಿ ಎಂಬವರು ‘ದಿ ಕೇರ್‌ಟೇಕರ್’ ಎಂಬ ಅಂಕಿತದಿಂದ 2016ರಿಂದ 2019ರವರೆಗೆ ಆರು ಹಂತಗಳಾಗಿ ಹೊರತಂದ ‘ಎವ್ರಿವೇರ್ ಅಟ್ ದಿ ಎಂಡ್ ಆಫ್ ಟೈಮ್’ ಎಂಬ ವಿದ್ಯುನ್ಮಾನ ಸಂಗೀತದ ಆಲ್ಬಮ್ ಇಂತಹ ಶೋಧನೆಗೆ ತಕ್ಕ ವಿಷಯವಾಗಿದೆ.

ಕೃತಿಯ ವಸ್ತುವು ಮರೆಗುಳಿ ರೋಗದ ಕ್ರಮವೃದ್ಧಿ. 1920 ಮತ್ತು 1930ರ ದಶಕಗಳಲ್ಲಿ ಪಾಶ್ಚಾತ್ಯರ ನೃತ್ಯಶಾಲೆಗಳಲ್ಲಿ ನುಡಿಸುತ್ತಿದ್ದ ವಾದ್ಯಮೇಳಗಳ ಗ್ರಾಮಫೋನ್ ತಟ್ಟೆಗಳೇ ಇದಕ್ಕೆ ಮುಖ್ಯವಾದ ಉಪಾದಾನ. ಅವುಗಳಿಂದ ಆಯ್ದ ತುಣುಕುಗಳನ್ನು ಕರ್ತೃವು ಯಂತ್ರಸಹಾಯದಿಂದ ನಿಧಾನಗೊಳಿಸಿ, ಮಸುಕುಮಾಡಿ, ಕತ್ತರಿಸಿ, ಒಂದರ ಮೇಲೊಂದನ್ನು ಹೇರಿದ್ದಾರೆ. ಒಟ್ಟು 50 ಖಂಡಗಳು. ಕಾಲಪ್ರಮಾಣ ಸುಮಾರು ಆರೂವರೆ ಗಂಟೆ. ಮೊದಲ ಮೂರು ಹಂತಗಳ 38 ಖಂಡಗಳು ಚಿಕ್ಕವು. ಅವುಗಳ ಮಟ್ಟುಗಳು ಕಿವಿಗೆ ಗುರುತು ಸಿಕ್ಕುವಂತಿವೆ. ಕೊನೆಯ ಮೂರು ಹಂತಗಳಲ್ಲಿರುವುದು 12 ಖಂಡಗಳು ಮಾತ್ರ. ಆದರೆ ಇವೇ ನಾಲ್ಕು ಗಂಟೆಗಳನ್ನು ಮೀರುತ್ತವೆ. ಇವುಗಳಲ್ಲಿ ಮಟ್ಟು ಒಡೆದು ಚೂರಾಗಿ, ಚೂರು ಗದ್ದಲವಾಗಿ, ಗದ್ದಲವೂ ಕಡೆಗೆ ಬರಿಯ ಮೊರೆತವಾಗುತ್ತದೆ. ಆಲ್ ಬೋಲಿ ಎಂಬ ಗಾಯಕನ 1931ರ ‘ಹಾರ್ಟೇಕ್ಸ್’ ಎಂಬ ಗೀತೆಯ ಮಟ್ಟು ಮೊದಲನೆಯ ಖಂಡದಲ್ಲಿಯೇ ಕೇಳಿಬಂದು, ಮುಂದೆ ಎರಡನೆಯ, ಮೂರನೆಯ ಹಂತಗಳಲ್ಲಿ ಪುನಃ ಪುನಃ ವಿಕೃತವಾಗಿ ಬರುತ್ತದೆ. ಮೊದಲ ಐದು ಹಂತಗಳಿಗೆ ಕರ್ತೃವು ಸಂಕ್ಷೇಪವಾದ ವಿವರಣೆಯನ್ನು ಕೊಟ್ಟು, ಆರನೆಯದಕ್ಕೆ ವಿವರಣೆಯಿಲ್ಲವೆಂದಷ್ಟೇ ತಿಳಿಸಿದ್ದಾರೆ. ಆ ಹಂತದ ಕೊನೆಯಲ್ಲಿ, ಅಷ್ಟು ಹೊತ್ತಿನ ಶೂನ್ಯದೊಳಗಿಂದ ಇದ್ದಕ್ಕಿದ್ದಂತೆ ಸಮೂಹಗಾನವೊಂದು ಕೇಳಿಸಿ ಅಡಗುತ್ತದೆ; ಬಳಿಕ ಸುಮಾರು ಒಂದು ನಿಮಿಷದ ಮೌನ.

ಇದನ್ನು ಕೇಳಿದವರ ಅಭಿಪ್ರಾಯಗಳನ್ನು ನಾಲ್ಕು ಪಕ್ಷಗಳಾಗಿ ವಿಂಗಡಿಸಬಹುದು. ಕೊನೆಯ ಮೂರು ಹಂತಗಳು ಗದ್ದಲವೇ ಹೊರತು ಸಂಗೀತವಲ್ಲವೆಂಬುದು ಒಂದು ಪಕ್ಷ. ಶೀರ್ಷಿಕೆ ಮತ್ತು ವಿವರಣೆಗಳನ್ನು ತೆಗೆದುಬಿಟ್ಟರೆ ಧ್ವನಿಯಲ್ಲಿ ಅರ್ಥವೇ ಉಳಿಯುವುದಿಲ್ಲವೆಂಬುದು ಎರಡನೆಯದು. ಕ್ರೂರವಾದ ವ್ಯಾಧಿಯೊಂದನ್ನು ರಮ್ಯವಾಗಿ ಅಲಂಕರಿಸಿದುದು ಅನುಚಿತವೆಂಬುದು ಮೂರನೆಯದು. ತಮ್ಮ ತಂದೆತಾಯಿಯರಲ್ಲಿಯೋ ಅಜ್ಜಅಜ್ಜಿಯರಲ್ಲಿಯೋ ಈ ರೋಗವನ್ನು ಕಂಡವರು, ತಮ್ಮ ದುಃಖಕ್ಕೆ ಇಲ್ಲಿ ಆಕಾರ ದೊರೆಯಿತೆಂದು ಹೇಳುವುದು ನಾಲ್ಕನೆಯದು. ಇವಲ್ಲದೆ, 2020ರಲ್ಲಿ ಟಿಕ್‌ಟಾಕ್‌ನಲ್ಲಿ ಆರೂವರೆ ಗಂಟೆಯನ್ನೂ ಒಂದೇ ಕೂರಿಕೆಯಲ್ಲಿ ಕೇಳಿ ಮುಗಿಸುವುದು ತರುಣರಿಗೆ ಒಂದು ಪಂಥವಾಯಿತು. ಪಂಥವು ಸಾಹಸವೇ ಹೊರತು ರಸಾಸ್ವಾದವಲ್ಲವಾದ್ದರಿಂದ ಅದನ್ನು ಪ್ರತ್ಯೇಕ ಪಕ್ಷವಾಗಿ ಎಣಿಸಬೇಕಾದುದಿಲ್ಲ. ಆದರೂ ಪಂಥಕ್ಕೆಂದು ಕುಳಿತವರಲ್ಲಿ ಹಲವರು ಮನಕರಗಿ ಎದ್ದರೆಂಬುದು ಕೃತಿಯ ಶಕ್ತಿಗೆ ಸಾಕ್ಷಿ.

ಎರಡನೆಯ ಪಕ್ಷವನ್ನು ಮೊದಲು ಪರಿಶೀಲಿಸಿದರೆ ಮಿಕ್ಕವು ಸುಗಮವಾಗುವುವು. ವಾಚ್ಯಾರ್ಥವಿಲ್ಲದ ಗೀತಧ್ವನಿಗೂ ರಸವನ್ನು ವ್ಯಂಜಿಸುವ ಸಾಮರ್ಥ್ಯವುಂಟೆಂದು ಆನಂದವರ್ಧನನು ಒಪ್ಪಿದ್ದಾನೆ. ಹೀಗಿರಲು ಧ್ವನಿಯಲ್ಲಿ ಏನೂ ಇಲ್ಲವೆನ್ನುವುದು ಅತಿಯಾದ ಮಾತು. ಧ್ವನಿಯು ಶೋಕವನ್ನು ತಾನೇ ಸೂಚಿಸುತ್ತದೆ. ಯಾರ ಶೋಕ, ಯಾವುದರಿಂದ ಎಂಬ ವಿಭಾವವನ್ನು ಮಾತ್ರ ಶೀರ್ಷಿಕೆಯು ಗೊತ್ತುಮಾಡುತ್ತದೆ. ನಾಟಕದಲ್ಲಿ ಪ್ರಸ್ತಾವನೆಯು ಮಾಡುವ ಕೆಲಸವನ್ನು ಇಲ್ಲಿ ಶೀರ್ಷಿಕೆಯು ಮಾಡಿದರೆ ಅದು ದೋಷವಾಗಲಾರದು.

ಮೊದಲನೆಯ ಪಕ್ಷವು ಇದಕ್ಕಿಂತ ಬಲವಾದುದು. ವಿಭಾವವೇ ನಷ್ಟವಾದ ಮೇಲೆ ರಸವೆಲ್ಲಿಯದು? ಮಟ್ಟು ಅಳಿದುಹೋದ ಬಳಿಕ ಶ್ರೋತೃವಿನ ಮನಸ್ಸು ಯಾವುದನ್ನು ಆಶ್ರಯಿಸಿ ಕರಗಬೇಕು? ಈ ಪ್ರಶ್ನೆಗೆ ಸಮಾಧಾನವನ್ನು ಶಾಕುಂತಲದ ಐದನೆಯ ಅಂಕದಲ್ಲಿ ಹುಡುಕಬಹುದು. ಅಲ್ಲಿ ದುಷ್ಯಂತನು ಶಾಪವಶದಿಂದ ಶಕುಂತಲೆಯನ್ನು ಮರೆತಿದ್ದಾನೆ. ಆ ಸಮಯದಲ್ಲಿ ಹಂಸಪದಿಕೆಯ ಗಾನವು ಅವನ ಕಿವಿಗೆ ಬೀಳುತ್ತದೆ. ಇಷ್ಟಜನರ ವಿರಹವಿಲ್ಲದಿದ್ದರೂ ತನಗೇಕೆ ಇಂತಹ ತಳಮಳವೆಂದು ಅವನು ಬೆರಗಾಗುತ್ತಾನೆ. ನೆನಪು ಅಳಿದರೂ ವಾಸನೆ ಅಳಿದಿಲ್ಲ. ಗಾನವು ಆ ವಾಸನೆಯನ್ನು ಮುಟ್ಟಿದೆ. ಈ ಸಂದರ್ಭದ ಶ್ಲೋಕವನ್ನು ಅಭಿನವಗುಪ್ತನು ರಸವಿಚಾರದಲ್ಲಿಯೇ ಉದಾಹರಿಸಿರುವುದು ಗಮನಾರ್ಹ.

ಇಲ್ಲಿ ಒಂದು ಸೂಕ್ಷ್ಮವುಂಟು. ರಾಜನು ಮರೆತುದನ್ನು ಪ್ರೇಕ್ಷಕನು ಮರೆತಿಲ್ಲ. ಕಣ್ವಾಶ್ರಮದ ಮರಬಳ್ಳಿಗಳೂ ಬೀಳ್ಕೊಡುಗೆಯ ಕಣ್ಣೀರೂ ಪ್ರೇಕ್ಷಕನ ಚಿತ್ತದಲ್ಲಿ ಹಸಿಯಾಗಿರುವುದರಿಂದಲೇ ರಾಜನ ಬರಿದಾದ ಮನಸ್ಸು ಕರುಣೆಯನ್ನು ಹುಟ್ಟಿಸುತ್ತದೆ. ಮೊದಲ ನಾಲ್ಕು ಅಂಕಗಳನ್ನು ನೋಡದೆ ಐದನೆಯ ಅಂಕಕ್ಕೆ ಬಂದವನಿಗೆ ಅದು ಅಪರಿಚಿತೆಯೊಬ್ಬಳ ವ್ಯಾಜ್ಯದಂತೆ ಕಂಡರೆ ಆಶ್ಚರ್ಯವಿಲ್ಲ. ಕರ್ಬಿಯವರ ಕೃತಿಯ ಮರ್ಮವೂ ಇದೇ. ರೋಗಿಯು ಕಳೆದುಕೊಂಡ ಮಟ್ಟನ್ನು ಶ್ರೋತೃವು ಕಾಪಾಡಿಕೊಂಡಿರಬೇಕು. ಐದನೆಯ ಹಂತದ ಗದ್ದಲದಲ್ಲಿ ಕೊಳಲಿನಂತಹ ಎಳೆಯೊಂದು ಕ್ಷಣಮಾತ್ರ ತಲೆಯೆತ್ತಿದಾಗ, ‘ಇದನ್ನು ಎಲ್ಲಿಯೋ ಕೇಳಿದ್ದೆ’ ಎಂದು ತಡವರಿಸುವ ಶ್ರೋತೃವೇ ಆ ಕ್ಷಣಕ್ಕೆ ರೋಗಿಯೂ ಆಗುತ್ತಾನೆ, ರೋಗಿಯ ಬಂಧುವೂ ಆಗುತ್ತಾನೆ. ಕೊನೆಯ ಹಂತಗಳನ್ನು ಬಿಡಿಯಾಗಿ ಕೇಳಿ ಗದ್ದಲವೆಂದವರು ಸುಳ್ಳು ಹೇಳಲಿಲ್ಲ. ಬಿಡಿಯಾಗಿ ಅದು ಗದ್ದಲವೇ. ಆದರೆ ಶಾಕುಂತಲಕ್ಕೂ ಇದಕ್ಕೂ ಒಂದು ಅಂತರವಿದೆ. ಅಲ್ಲಿ ಬೆಸ್ತನ ಕೈಯಿಂದ ಉಂಗುರವು ಹಿಂದಿರುಗಿತು, ಇಲ್ಲಿ ಉಂಗುರವಿಲ್ಲ. ಕೊನೆಯ ಸಮೂಹಗಾನವನ್ನು ಉಂಗುರವೆಂದು ಭ್ರಮಿಸುವಷ್ಟರಲ್ಲಿ ಮೌನವು ಕವಿಯುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಪಕ್ಷಗಳನ್ನು ಜೊತೆಯಾಗಿ ವಿಚಾರಿಸುವುದು ಲೇಸು. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದು ರಸಾಸ್ವಾದಕ್ಕೆ ವಿಘ್ನವೆಂದು ಅಭಿನವಗುಪ್ತನ ಮತ. ಇದನ್ನು ಬಿಗಿಯಾಗಿ ಹಿಡಿದರೆ, ತನ್ನ ತಾಯಿಯನ್ನು ನೆನೆದು ಅತ್ತ ಮಗಳು ಕೃತಿಯನ್ನು ಆಸ್ವಾದಿಸಲಿಲ್ಲ, ತನ್ನ ದುಃಖವನ್ನೇ ಅತ್ತಳು ಎನ್ನಬೇಕಾಗುವುದು. ಆದರೆ ಆ ಆಚಾರ್ಯನೇ ಈ ವಿಘ್ನಕ್ಕೆ ಪರಿಹಾರವನ್ನೂ ಹೇಳಿದ್ದಾನೆ: ವಾದ್ಯ ಗಾನಾದಿಗಳು ಪ್ರೇಕ್ಷಕನನ್ನು ಸ್ವಂತ ಚಿಂತೆಯಿಂದ ಬಿಡಿಸಿ ಸಹೃದಯನನ್ನಾಗಿ ಮಾಡುತ್ತವೆ. ಮೊದಲ ಹಂತಗಳ ಹಳೆಯ ನೃತ್ಯಗೀತಗಳ ಮಾಧುರ್ಯವು ಈ ಕಾರ್ಯವನ್ನೇ ನಿರ್ವಹಿಸುತ್ತದೆ. ಮೂರನೆಯ ಪಕ್ಷದವರು ಅಲಂಕಾರವೆಂದು ಆಕ್ಷೇಪಿಸಿದ ರಮ್ಯತೆಯೇ ನಾಲ್ಕನೆಯ ಪಕ್ಷದವರ ದುಃಖವನ್ನು ಸಾಧಾರಣೀಕರಿಸಿ ತಾಳಿಕೊಳ್ಳುವಂತೆ ಮಾಡಿದೆ. ಹಾಗೆಂದು ಆಕ್ಷೇಪವು ನಿರ್ಮೂಲವೆಂದಲ್ಲ. ಮರವೆಯು ರೋಗಿಗೆ ಒಳಗಿನಿಂದ ಹೀಗೆಯೇ ಕೇಳಿಸುವುದೆಂದು ಯಾರಾದರೂ ಸಾಧಿಸಹೊರಟರೆ ಅದಕ್ಕೆ ಪ್ರಮಾಣವಿಲ್ಲ. ಇದು ರೋಗದ ಶಾಸ್ತ್ರವಲ್ಲ, ರೋಗದ ಭಾವನೆ. ಈ ವಿವೇಕವಿದ್ದರೆ ಅನೌಚಿತ್ಯಶಂಕೆಯು ಬಹುಮಟ್ಟಿಗೆ ತೊಲಗುವುದು.

ಇಷ್ಟಾದರೂ ಕೃತಿಯು ನಿರ್ದುಷ್ಟವಲ್ಲ. ಪರಿಪುಷ್ಟವಾದ ರಸವನ್ನು ಮತ್ತೆ ಮತ್ತೆ ಉದ್ದೀಪಿಸುತ್ತಿದ್ದರೆ ಅದು ಮುಟ್ಟಿ ಮುಟ್ಟಿ ಬಾಡಿದ ಹೂವಿನಂತಾಗುವುದೆಂದು ಆನಂದವರ್ಧನನು ಎಚ್ಚರಿಸಿದ್ದಾನೆ. ನಾಲ್ಕನೆಯ ಹಂತದಲ್ಲಿ ಭಯವೂ ಶೋಕವೂ ಪೂರ್ಣವಾಗಿ ಹರಿದ ಮೇಲೆ ಐದನೆಯ ಹಂತವು ಸುಮಾರು ಒಂದೂವರೆ ಗಂಟೆಯ ಕಾಲ ಅದನ್ನೇ ಮುಟ್ಟುತ್ತದೆ. ರೋಗವೇ ದೀರ್ಘವಾದುದರಿಂದ ಕೃತಿಯೂ ದೀರ್ಘವಾಗಿರಬೇಕೆಂಬ ಸಮಾಧಾನವು ಸಾಲದು. ದೀರ್ಘಕಾಲದ ವೃತ್ತಾಂತವನ್ನು ಪ್ರವೇಶಕಾದಿಗಳಿಂದ ಸೂಚಿಸಬೇಕೆಂದು ಭರತನು ವಿಧಿಸಿದುದು ಕಾಲವನ್ನು ಅಳೆದು ತೋರಿಸುವುದು ಕಲೆಯಲ್ಲವೆಂಬ ಕಾರಣದಿಂದಲೇ. ಶ್ರೋತೃಗಳ ಬೇಸರಕ್ಕೆ ಇಲ್ಲಿ ನ್ಯಾಯವಾದ ಆಧಾರವಿದೆ.

ಒಟ್ಟಿನಲ್ಲಿ, ಈ ಕೃತಿಯ ವಿಷಯದಲ್ಲಿ ಶ್ರೋತೃಗಳು ಭಿನ್ನರಾದುದು ಕೇವಲ ರುಚಿಭೇದದಿಂದಲ್ಲ. ಸಾಮಾನ್ಯವಾಗಿ ಸಂಗೀತಕೃತಿಯು ತನ್ನನ್ನು ತಾನೇ ಹೊತ್ತುಕೊಂಡಿರುತ್ತದೆ. ಇದಾದರೋ ತನ್ನ ಪೂರ್ವಾರ್ಧವನ್ನು ಶ್ರೋತೃವಿನ ನೆನಪಿನಲ್ಲಿ ನ್ಯಾಸವಾಗಿಟ್ಟು, ಉತ್ತರಾರ್ಧದಲ್ಲಿ ಬರಿಗೈಯಿಂದ ನಿಲ್ಲುತ್ತದೆ. ನ್ಯಾಸವನ್ನು ಕಾಪಾಡಿದವನಿಗೆ ಅದು ಕರುಣ, ಕಾಪಾಡದವನಿಗೆ ಬರಿಯ ಮೊರೆತ. ಮರೆತವರ ಪಕ್ಕದಲ್ಲಿ ಕುಳಿತು ಅವರಿಗಾಗಿ ನೆನೆಯುವವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.